ಯಾವ ಗೋತ್ರ, ಎಷ್ಟು ವೋಲ್ಟು?

ಜಾತಿ ಕೇಳದ ದೇಶ ಎಂದು ನಂಬಿ ಅಮೆರಿಕದ ವಿಮಾನ ಹತ್ತಿದ ನಮ್ಮವರಿಗೆ ಕುಲದ ಪ್ರಶ್ನೆ ಎದುರಾಗುವುದು ತುಸು ತಡವಾಗಿ. ಮೊದಲು ವೀಸಾ, ಆಮೇಲೆ ಗ್ರೀನ್ ಕಾರ್ಡಿನ ಕ್ಯೂ, ಆಮೇಲೆ ಸಾಲದ ಮನೆ. ಮನೆಯ ಜೊತೆ ಬಂದ ಹುಲ್ಲು ಹಿಂದಿನ ಮಾಲೀಕನನ್ನು ಮರೆತು ಮೊಣಕಾಲೆತ್ತರ ಬೆಳೆಯುವ ಹೊತ್ತಿಗೆ ಯಜಮಾನರು ಯಂತ್ರ ತರಲು ಅಂಗಡಿಗೆ ಹೋಗುತ್ತಾರೆ. ಮಾರಾಟದ ಹುಡುಗ ಹುಲ್ಲಿನ ಅಳತೆ ಕೇಳುವುದಿಲ್ಲ, ಜೇಬಿನ ಅಳತೆಯನ್ನೂ ಕೇಳುವುದಿಲ್ಲ. ಅವನ ಮೊದಲ ಪ್ರಶ್ನೆಯೇ, "ಮನೆಯಲ್ಲಿ ಈಗಾಗಲೇ ಯಾವ ಬ್ಯಾಟರಿ ಇದೆ ಸರ್?"

ಹಳದಿಯವರೋ, ಕೆಂಪಿನವರೋ, ತಿಳಿಹಸಿರಿನವರೋ ಎಂದು ಗೊತ್ತಾದ ಮೇಲೆ ಅವನು ನಿಮ್ಮನ್ನು ಆಯಾ ಬಣ್ಣದ ಕೇರಿಗೆ ಕರೆದೊಯ್ಯುತ್ತಾನೆ. ಬೇರೆ ಕೇರಿಯ ಸರಕನ್ನು ನೋಡಬಹುದು, ಮುಟ್ಟಲೂಬಹುದು. ಮನೆಗೆ ತಂದರೆ ಮಾತ್ರ ನಿಮ್ಮ ಬ್ಯಾಟರಿ ಅದರ ಗೂಡಿನೊಳಗೆ ಕೂರುವುದಿಲ್ಲ. ಕ್ಯಾಲಿಫೋರ್ನಿಯಾದ ಕನ್ನಡಿಗರು ಸೇರಿದ ಊಟಗಳಲ್ಲಿ ಮೊದಲು "ಯಾವ ಊರು, ಯಾರ ಪೈಕಿ?" ಎಂದು ವಿಚಾರಿಸುತ್ತಿದ್ದರು. ಈಗ ಬಿಸಿಬೇಳೆಬಾತಿನ ತಟ್ಟೆ ಹಿಡಿದು "ನಿಮ್ಮದು ನಲವತ್ತೋ, ಐವತ್ತಾರೋ?" ಎನ್ನುತ್ತಾರೆ. ವಯಸ್ಸು ಕೇಳುತ್ತಿದ್ದಾರೆಂದು ಹೊಸಬರು ಸಂಕೋಚಪಡಬಾರದು, ಅವರು ಕೇಳಿದ್ದು ವೋಲ್ಟೇಜು.

ಇದೇ ರಾಜ್ಯದಲ್ಲಿ 2023ರಲ್ಲಿ ಜಾತಿ ತಾರತಮ್ಯವನ್ನು ಹೆಸರಿಟ್ಟು ನಿಷೇಧಿಸುವ ಮಸೂದೆ ಶಾಸನಸಭೆ ದಾಟಿ ಗವರ್ನರ್ ಗ್ಯಾವಿನ್ ನ್ಯೂಸಮ್ ಅವರ ಮೇಜಿಗೆ ಬಂತು. ಇರುವ ಕಾನೂನುಗಳೇ ಸಾಕು ಎಂದು ಅವರು ಅಕ್ಟೋಬರ್‌ನಲ್ಲಿ ಅದನ್ನು ಹಿಂದಿರುಗಿಸಿದರು. ಅದಕ್ಕೆ ಎರಡು ವರ್ಷ ಮೊದಲು, 2021ರ ಅಕ್ಟೋಬರ್‌ನಲ್ಲಿ, ಅದೇ ಕೈ ಹುಲ್ಲಿನ ಯಂತ್ರಗಳ ಹೊಗೆ ನಿಲ್ಲಿಸುವ ಎಬಿ 1346 ಎಂಬ ಕಾನೂನಿಗೆ ಸಹಿ ಹಾಕಿತ್ತು. ಜಾತಿಗೆ ಹೊಸ ಕಾನೂನು ಬೇಡ ಎಂದ ರಾಜ್ಯದಲ್ಲಿ ಹುಲ್ಲಿಗೆ ಬಂದ ಕಾನೂನು ಹಿತ್ತಲುಗಳಲ್ಲಿ ಹೊಸ ಜಾತಿಗಳನ್ನು ನೆಲೆಗೊಳಿಸಿತು.

ಕಾನೂನು ಬಂದದ್ದರಲ್ಲಿ ನ್ಯಾಯವಿದೆ, ಅದನ್ನು ಮೊದಲೇ ಹೇಳಿಬಿಡಬೇಕು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಯೆಜ್ಡಿಯನ್ನು ಓಡಿಸಿದವರಿಗೆ, ಅಥವಾ ಅದರ ಹಿಂದೆ ಸೈಕಲ್ ತುಳಿದು ಕೆಮ್ಮಿದವರಿಗೆ, ಟೂ ಸ್ಟ್ರೋಕ್ ಎಂಜಿನ್ ಎಂದರೇನೆಂದು ವಿವರಿಸಬೇಕಿಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕು. ಹೊಸ ಇಂಧನ ಒಳಗೆ ಬರುವ ದಾರಿ, ಹಳೆಯ ಹೊಗೆ ಹೊರಹೋಗುವ ದಾರಿ ಎರಡೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುವುದರಿಂದ, ಕುಡಿದದ್ದರಲ್ಲಿ ಕಾಲು ಭಾಗಕ್ಕೂ ಮಿಕ್ಕು ಇಂಧನ ಸುಡದೆ ಹಾಗೆಯೇ ಹೊರಗೆ ಹೋಗುತ್ತದೆ. ಮೈಸೂರಿನ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ನಮ್ಮ ರಸ್ತೆಗಳಿಂದ ಟೂ ಸ್ಟ್ರೋಕ್ ಹೆಚ್ಚುಕಡಿಮೆ ಮರೆಯಾಯಿತು. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶದ ಮಾಲಿ ಮಾತ್ರ ಅದನ್ನು ಬೆನ್ನಿಗೆ ಕಟ್ಟಿಕೊಂಡು ಎಲೆ ಊದುತ್ತಲೇ ಉಳಿದ. ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಯ ಲೆಕ್ಕ ಹೇಳುವಂತೆ, ಪೆಟ್ರೋಲ್ ಬ್ಲೋವರನ್ನು ಒಂದು ಗಂಟೆ ನಡೆಸಿದರೆ ಹೊರಬೀಳುವ ಹೊಂಜು ಕಟ್ಟುವ ಮಾಲಿನ್ಯ, ಹೊಸ ಕಾರೊಂದನ್ನು 1,100 ಮೈಲಿ ಓಡಿಸಿದಾಗ ಬರುವಷ್ಟು. ಲಾಸ್ ಏಂಜಲೀಸಿನಿಂದ ಡೆನ್ವರ್‌ಗೆ ಹೋದಷ್ಟು ದೂರ, ಅದೂ ಪಕ್ಕದ ಮನೆಯವನ ಅಂಗಳಕ್ಕೆ ನಾಲ್ಕು ಎಲೆ ದಾಟಿಸುವುದಕ್ಕೆ.

ಆದ್ದರಿಂದ 2024ರ ಮಾದರಿಯಿಂದಾಚೆಗೆ ಮೋವರ್, ಟ್ರಿಮ್ಮರ್, ಬ್ಲೋವರುಗಳ ಹೊಸ ಸಣ್ಣ ಎಂಜಿನ್‌ಗಳು ಹೊಗೆಯನ್ನೇ ಉಗುಳಕೂಡದೆಂದು ನಿಯಮವಾಯಿತು. ಇದ್ದ ಹಳೆಯದನ್ನು ಸಾಯುವವರೆಗೆ ಬಳಸಬಹುದು. ರಾಜಧಾನಿ ವಾಷಿಂಗ್ಟನ್ ಇನ್ನೂ ಬಿಗಿ: 2022ರ ಮೊದಲ ದಿನದಿಂದ ಅಲ್ಲಿ ಪೆಟ್ರೋಲ್ ಬ್ಲೋವರಿನ ಬಳಕೆಗೇ ದಂಡ. ಇವುಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಕಾನೂನು ತೆರೆದ ಬಾಗಿಲಲ್ಲಿ ಒಳನುಗ್ಗಿದ, ಬ್ಯಾಟರಿ ಕಂಪನಿಗಳೆಂಬ ಮದುವೆ ದಲ್ಲಾಳಿಗಳ ಮೇಲೆ.

ಪೆಟ್ರೋಲ್ ಯಂತ್ರದ ಕಾಲದಲ್ಲಿ ಮೋವರ್ ಒಂದು ಕಂಪನಿಯದು, ಟ್ರಿಮ್ಮರ್ ಇನ್ನೊಂದರದು ಇರಬಹುದಿತ್ತು. ಯಾವ ಬಂಕಿನ ಪೆಟ್ರೋಲನ್ನಾದರೂ ಎಲ್ಲವೂ ಭೇದವಿಲ್ಲದೆ ಕುಡಿಯುತ್ತಿದ್ದವು. ಹೊಗೆ ಕಾರುತ್ತಿದ್ದುದು ನಿಜ, ಸಹಪಂಕ್ತಿಯಲ್ಲಿ ಕೂತು ಕಾರುತ್ತಿದ್ದವು. ಬ್ಯಾಟರಿ ಬಂದ ಮೇಲೆ ಪಂಕ್ತಿಭೇದ ಶುರುವಾಯಿತು. ಒಳಗಿರುವ ಲಿಥಿಯಂ ಸೆಲ್ಲುಗಳು ನೋಡಲು ಬೆರಳುದ್ದದ ಅದೇ ಉರುಟು ಡಬ್ಬಿಗಳು, ಒಂದೊಂದಕ್ಕೂ ಅದೇ 3.6 ವೋಲ್ಟು. ಹೊರಗಿನ ಪ್ಲಾಸ್ಟಿಕ್ ಚಿಪ್ಪಿನ ಏಣು ಮಾತ್ರ ಬೇರೆ. ಆ ಏಣೇ ಇಲ್ಲಿ ಗೋತ್ರ.

ಮಜವಿರುವುದು ವಂಶಾವಳಿ ಬಿಡಿಸಿದಾಗ. ಕೆಂಪು ಮಿಲ್ವಾಕಿ, ತಿಳಿಹಸಿರು ರಿಯೋಬಿ ಎರಡೂ ಹಾಂಕಾಂಗಿನ ಟೆಕ್ಟ್ರಾನಿಕ್ ಇಂಡಸ್ಟ್ರೀಸ್ ಎಂಬ ಒಂದೇ ಮನೆಯವು. ಎರಡರ ಬಳಿಯೂ 18 ವೋಲ್ಟಿನ ಬ್ಯಾಟರಿ ಇದೆ. ಅವನದು ಇವನಿಗೆ ಹೊಂದದು. ಹಳದಿ ಡಿವಾಲ್ಟ್, ಕಿತ್ತಳೆಯ ಬ್ಲ್ಯಾಕ್ ಅಂಡ್ ಡೆಕರ್, 2017ರಲ್ಲಿ ದತ್ತು ಬಂದ ಕ್ರಾಫ್ಟ್ಸ್‌ಮನ್ ಮೂರೂ ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಎಂಬ ಒಂದೇ ಹೆಬ್ಬಾಗಿಲಿನೊಳಗಿನವು, ಮೂರೂ ತಮ್ಮನ್ನು 20 ವೋಲ್ಟಿನವರೆಂದು ಕರೆದುಕೊಳ್ಳುತ್ತವೆ. ಹಳದಿಯ ಬ್ಯಾಟರಿ ಕ್ರಾಫ್ಟ್ಸ್‌ಮನ್ ಯಂತ್ರದೊಳಗೆ ಹೋಗುವುದಿಲ್ಲ. ಒಬ್ಬ ತಂದೆಯ ಮಕ್ಕಳು ಒಂದೇ ಅಡುಗೆಮನೆಯಲ್ಲಿ ಬೆಂದದ್ದನ್ನು ಬೇರೆ ಬೇರೆ ಎಲೆ ಹಾಕಿಸಿಕೊಂಡು ಉಣ್ಣುತ್ತಾರೆ, ಪರಸ್ಪರ ನೀರೂ ಮುಟ್ಟುವುದಿಲ್ಲ. ಅಷ್ಟೂ ಎಲೆಯ ಬಿಲ್ಲು ನಮ್ಮದು.

ಮಡಿ ಮುರಿಯುವವರು ಇಲ್ಲದಿಲ್ಲ. ಈ ಕುಲದ ಬ್ಯಾಟರಿಯನ್ನು ಆ ಕುಲದ ಯಂತ್ರಕ್ಕೆ ಕೂಡಿಸುವ ಅಡಾಪ್ಟರುಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಅದು ರಿಜಿಸ್ಟ್ರಾರ್ ಕಚೇರಿಯ ಮದುವೆ: ನಡೆಯುತ್ತದೆ, ಆದರೆ ಎರಡೂ ಕಡೆಯ ಹಿರಿಯರು ವಾರಂಟಿಯನ್ನು ಕೈಬಿಡುತ್ತಾರೆ. ಯುರೋಪಿನಲ್ಲಿ 2020ರಲ್ಲಿ ಬಾಷ್, ಗಾರ್ಡೆನಾ ಮೊದಲಾದವು ಸೇರಿ ಒಂದೇ 18 ವೋಲ್ಟಿನ ಬ್ಯಾಟರಿಯನ್ನು ಹಂಚಿಕೊಳ್ಳುವ ಕೂಟ ಮಾಡಿಕೊಂಡವು. ಫೋನುಗಳಿಗೆಲ್ಲ ಒಂದೇ ಚಾರ್ಜರ್ ಎಂಬ ಯುರೋಪಿನ ಕಾನೂನು 2024ರ ಡಿಸೆಂಬರ್‌ನಲ್ಲಿ ಜಾರಿಗೂ ಬಂತು. ಕ್ಯಾಲಿಫೋರ್ನಿಯಾದ ಹುಲ್ಲಿನ ಕಾನೂನು ಎಂಜಿನ್ನಿನ ಬಾಯಿ ಮುಚ್ಚಿಸಿತೇ ಹೊರತು ಬ್ಯಾಟರಿಯ ಏಣಿನ ಗೊಡವೆಗೆ ಹೋಗಲಿಲ್ಲ. ಹಾಗಾಗಿ ಒಂದು ಸಾಮಾನ್ಯ ಗ್ಯಾರೇಜಿನ ಗೋಡೆಯಲ್ಲಿ ಇಂದು ನಾಲ್ಕು ಚಾರ್ಜರುಗಳು ನಾಲ್ಕು ಮಠಗಳಂತೆ ಬೇರೆ ಬೇರೆ ದೀಪ ಮಿನುಗಿಸುತ್ತಿರುತ್ತವೆ.

ಸಂಬಂಧ ಕುದುರಿಸುವ ಬಗೆ ಹಳೆಯದೇ. ಜೂನ್ ತಿಂಗಳ ತಂದೆಯರ ದಿನಕ್ಕೆ ಡ್ರಿಲ್, ಬ್ಯಾಟರಿ, ಚಾರ್ಜರ್ ಕೂಡಿದ ಒಂದು ಕಟ್ಟನ್ನು ನಾಚಿಕೆಯಾಗುವಷ್ಟು ಅಗ್ಗಕ್ಕೆ ಕೊಡುತ್ತಾರೆ. ಮಕ್ಕಳು ಅದನ್ನು ಅಪ್ಪನಿಗೆ ಉಡುಗೊರೆ ಕೊಡುತ್ತಾರೆ. ಅಲ್ಲಿಗೆ ತಾಂಬೂಲ ಬದಲಾಯಿಸಿದ ಹಾಗೆ. ಬ್ಯಾಟರಿ ಮನೆಗೆ ಬಂದಿದೆಯಲ್ಲ, ಇನ್ನು ಟ್ರಿಮ್ಮರ್ ಬೇಕಾದರೆ ಅದೇ ಬಣ್ಣದ್ದು, ಬೇಲಿ ಕತ್ತರಿಸುವ ಯಂತ್ರ ಬೇಕಾದರೆ ಅದೇ ಬಣ್ಣದ್ದು. 'ಬರೀ ಯಂತ್ರ' ಎಂಬ ಚೀಟಿ ಅಂಟಿಸಿದ ಪೆಟ್ಟಿಗೆಯಲ್ಲಿ ಬ್ಯಾಟರಿ ಇರುವುದಿಲ್ಲ, ಅದರಿಂದ ಬೆಲೆ ಕಡಿಮೆ. ವರ್ಷಗಳು ಕಳೆದು ಮೊದಲ ಬ್ಯಾಟರಿ ಕಣ್ಣು ಮುಚ್ಚಿದಾಗ ಬಿಡಿಯಾಗಿ ಇನ್ನೊಂದನ್ನು ಕೊಳ್ಳಲು ಹೋದವನಿಗೆ, ಯಂತ್ರದ ಬೆಲೆಯನ್ನೇ ಬ್ಯಾಟರಿಗೂ ಕೇಳುತ್ತಾರೆ. ಆಗ ಬಿಟ್ಟುಹೋಗೋಣವೆಂದರೆ ಗೋಡೆಗೆ ತೂಗುಹಾಕಿದ ಆರು ಯಂತ್ರಗಳು ಮಕ್ಕಳಂತೆ ನೋಡುತ್ತಿರುತ್ತವೆ.

ಇನ್ನು ವೋಲ್ಟಿನ ವಿಚಾರ. ಸಂಬಂಧ ನೋಡುವಾಗ ಹುಡುಗನ ಸಂಬಳವನ್ನು ಸ್ವಲ್ಪ ಏರಿಸಿ ಹೇಳುವುದು ನಮ್ಮಲ್ಲಿ ಸುಳ್ಳೆನಿಸಿಕೊಳ್ಳುವುದಿಲ್ಲ. ಐದು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 18 ವೋಲ್ಟು. ಚಾರ್ಜರಿನಿಂದ ಆಗಷ್ಟೇ ಇಳಿಸಿದ, ಇನ್ನೂ ಕೆಲಸಕ್ಕೆ ಇಳಿಯದ ಬ್ಯಾಟರಿಯಲ್ಲಿ ಅದು 20 ದಾಟಿರುತ್ತದೆ. ಅಮೆರಿಕದಲ್ಲಿ ಪೆಟ್ಟಿಗೆಯ ಮೇಲೆ 20 ಎಂದು ದಪ್ಪಕ್ಕೆ ಅಚ್ಚು ಹಾಕಿ, 'ಗರಿಷ್ಠ' ಎಂಬ ಮಾತನ್ನು ಪಕ್ಕಕ್ಕೆ ಸಣ್ಣಗೆ ನಿಲ್ಲಿಸುತ್ತಾರೆ. ಅದೇ ಡಿವಾಲ್ಟ್ ಬ್ಯಾಟರಿ ಅಟ್ಲಾಂಟಿಕ್ ದಾಟಿ ಯುರೋಪಿಗೆ ಹೋದರೆ 18 ಎಂದೇ ಮಾರಾಟವಾಗುತ್ತದೆ. ಹಡಗಿನಲ್ಲಿ ಎರಡು ವೋಲ್ಟು ಯಾರೂ ಕದ್ದಿಲ್ಲ. ನಲವತ್ತು ಎಂಬುದರ ನಿಜ 36. ಐವತ್ತಾರು ಎಂಬುದರ ನಿಜ ಐವತ್ತರ ಆಸುಪಾಸು. ಊಟದ ತಟ್ಟೆ ಹಿಡಿದು ನಾನು ಐವತ್ತಾರಿನವನೆಂದು ಎದೆಯುಬ್ಬಿಸಿದವರು ಇದನ್ನು ಓದಬೇಕಿಲ್ಲ.

ವೋಲ್ಟು ಕೇಳಿ ಬ್ಯಾಟರಿ ಕೊಳ್ಳುವುದೆಂದರೆ ಗೋತ್ರ ಕೇಳಿ ಹೆಣ್ಣು ಕೊಟ್ಟಂತೆ, ಗಂಡು ದುಡಿಯುತ್ತಾನೋ ಇಲ್ಲವೋ ಅದರಿಂದ ತಿಳಿಯದು. ದುಡಿಮೆ ತಿಳಿಯಬೇಕಾದರೆ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಬೇಕು, ಬರುವುದು ವ್ಯಾಟ್-ಅವರ್. ಐವತ್ತಾರು ವೋಲ್ಟು, ಐದು ಆಂಪಿಯರ್-ಅವರ್ ಎಂದರೆ ಕಾಗದದ ಮೇಲೆ 280. ನಿಜದ 50.4ರಿಂದ ಗುಣಿಸಿದರೆ 252. ಈ 252 ವ್ಯಾಟ್-ಅವರ್ ಎಷ್ಟು ಪೆಟ್ರೋಲಿಗೆ ಸಮ ಗೊತ್ತೆ? ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9,000 ವ್ಯಾಟ್-ಅವರ್ ಶಕ್ತಿ ಅಡಗಿರುತ್ತದೆ. ಅಂದರೆ ತೋಳು ಜಗ್ಗುವಷ್ಟು ತೂಕದ, ನೂರಾರು ಡಾಲರಿನ ಆ ಬ್ಯಾಟರಿಯೊಳಗೆ ಇರುವುದು 30 ಎಂಎಲ್ ಪೆಟ್ರೋಲಿನಷ್ಟು ಶಕ್ತಿ. ಬೆಂಗಳೂರಿನ ಬಾರುಗಳಲ್ಲಿ ಆ ಅಳತೆಗೆ 'ಸ್ಮಾಲ್' ಎನ್ನುತ್ತಾರೆ.

ಬ್ಯಾಟರಿಯ ಪರವಾಗಿ ಹೇಳಬೇಕಾದ್ದೂ ಇಲ್ಲೇ ಇದೆ. ವಿದ್ಯುತ್ ಮೋಟಾರು ಆ ಒಂದು ಸ್ಮಾಲನ್ನು ಬಹುಪಾಲು ಕೆಲಸಕ್ಕೇ ಬಳಸುತ್ತದೆ. ಟೂ ಸ್ಟ್ರೋಕ್ ಎಂಜಿನ್ ಬಾಟಲಿಗಟ್ಟಲೆ ಕುಡಿದು, ಹೆಚ್ಚಿನದನ್ನು ಬಿಸಿ, ಹೊಗೆ, ಗಲಾಟೆಯಲ್ಲಿ ಕಳೆದು, ಉಳಿದದ್ದರಲ್ಲಿ ಕೆಲಸ ಮಾಡುತ್ತದೆ. ಆದರೂ ಲೆಕ್ಕ ಲೆಕ್ಕವೇ. ಸಾವಿರ ವ್ಯಾಟ್ ಎಳೆಯುವ ಬ್ಲೋವರಿನ ಗುಂಡಿಯನ್ನು ಪೂರ್ತಿ ಒತ್ತಿ ಹಿಡಿದರೆ ಕಾಲು ಗಂಟೆಯಲ್ಲಿ ಬ್ಯಾಟರಿ ಬರಿದು. ಪೆಟ್ಟಿಗೆಯ ಮೇಲೆ '75 ನಿಮಿಷ' ಎಂದು ಬರೆದಿದ್ದರೆ ಅದು ಎಲೆಗೆ ಗಾಳಿ ತಾಗಿದೆಯೋ ಇಲ್ಲವೋ ಎಂದು ಎಲೆಯೇ ಅನುಮಾನಿಸುವಷ್ಟು ಮೆಲ್ಲಗೆ ಊದಿದಾಗಿನ ಮಾತು. ಆದ್ದರಿಂದ ಕೊಳ್ಳಲೇಬೇಕೆಂದಿರುವವರು ಬಣ್ಣಕ್ಕೆ ಮರುಳಾಗದೆ, ಮನೆಯಲ್ಲಿ ಅತಿ ಹೊಟ್ಟೆಬಾಕ ಯಂತ್ರ ಯಾವುದಾಗುತ್ತದೆಂದು ಮೊದಲು ನೋಡಬೇಕು. ಸಾಮಾನ್ಯವಾಗಿ ಅದು ಮೋವರ್ ಇಲ್ಲವೇ ಬ್ಲೋವರ್. ಅದರ ಹಸಿವಿಗೆ ತಕ್ಕ ಬ್ಯಾಟರಿ ಯಾವ ಮನೆತನದಲ್ಲಿದೆಯೋ ಅಲ್ಲಿ ಸಂಬಂಧ ಮಾಡಿದರೆ ಟ್ರಿಮ್ಮರಿನಂಥ ಮಿತಾಹಾರಿಗಳು ಅದರಲ್ಲೇ ಬದುಕಿಕೊಳ್ಳುತ್ತವೆ. ಬ್ಯಾಟರಿಯನ್ನು ಬೇಸಿಗೆಯ ಕಾದ ಗ್ಯಾರೇಜಿನಲ್ಲಿ ಪೂರ್ತಿ ಚಾರ್ಜು ತುಂಬಿಸಿ ತಿಂಗಳುಗಟ್ಟಲೆ ಇಡಬಾರದು, ಅರ್ಧ ತುಂಬಿಸಿ ತಂಪಿನಲ್ಲಿಟ್ಟರೆ ಆಯುಸ್ಸು ಹೆಚ್ಚು. ಈ ಮಾತನ್ನು ಯಾವ ಜಾಹೀರಾತೂ ದಪ್ಪಕ್ಷರದಲ್ಲಿ ಹೇಳುವುದಿಲ್ಲ. ಬ್ಯಾಟರಿ ಬೇಗ ಸತ್ತರೆ ಅಳುವವರು ನಾವು, ತಿಥಿಯೂಟ ಅವರಿಗೆ.

ಇಷ್ಟೆಲ್ಲ ವಿದ್ಯೆ ನನಗೆ ಬಂದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನಿನಲ್ಲಿರುವ ನಮ್ಮ ಭಾವನ ದಯೆಯಿಂದ. ಭಾವ ಎಂಜಿನಿಯರ್. ಮೋವರ್ ಕೊಳ್ಳುವ ಮೊದಲು ಅವರು ಒಂದು ಎಕ್ಸೆಲ್ ಹಾಳೆ ಮಾಡಿದರು. ಅದರಲ್ಲಿ ಒಂಬತ್ತು ಕಂಪನಿ, ವೋಲ್ಟು, ವ್ಯಾಟ್-ಅವರ್, ತೂಕ, ಸದ್ದು, ವಾರಂಟಿ, ಆಪ್ ಇದೆಯೋ ಇಲ್ಲವೋ, ರಾತ್ರಿ ಹುಲ್ಲು ಕತ್ತರಿಸಲು ಮುಂದೆ ದೀಪ ಇದೆಯೋ ಇಲ್ಲವೋ ಎಲ್ಲಕ್ಕೂ ಕಂಬಸಾಲು. ಅಕ್ಕನ ಮದುವೆಗೆ ಇವರ ಮನೆಯವರು ಇಷ್ಟು ವಿಚಾರಿಸಿರಲಿಲ್ಲ.

"ಭಾವ, ಹುಲ್ಲು ಎಷ್ಟು ಜಾಗದಲ್ಲಿದೆ? ಆ ಕಂಬಸಾಲು ಕಾಣಿಸ್ತಿಲ್ಲ," ಎಂದೆ.

"ಅದೇನ್ ಮಹಾ ಬಿಡಯ್ಯಾ," ಎಂದರು.

ಅಕ್ಕ ಒಳಗಿನಿಂದಲೇ ಉತ್ತರ ಕೊಟ್ಟಳು: "ಆರುನೂರು ಚದರಡಿ ಕಣೋ. ನಾಗರಬಾವೀಲಿ ಅಪ್ಪ ತಗೊಂಡಿದ್ರಲ್ಲ ಟ್ವೆಂಟಿ ಥರ್ಟಿ ಸೈಟು, ಅಷ್ಟೇ."

ಇಪ್ಪತ್ತು-ಮೂವತ್ತರ ಸೈಟು! ಬೆಂಗಳೂರಿನಲ್ಲಿ ಅಷ್ಟು ನೆಲ ಸಿಕ್ಕಿದರೆ ಮೂರಂತಸ್ತು ಎಬ್ಬಿಸಿ, ಕೆಳಗೆ ಅಂಗಡಿ, ಮೇಲೆ ಎರಡು ಬಾಡಿಗೆ ಮನೆ, ತಾರಸಿಯಲ್ಲಿ ಪಿಜಿ ಹುಡುಗರನ್ನು ಇಟ್ಟುಕೊಂಡು ಒಂದು ಸಂಸಾರ ಬದುಕುತ್ತದೆ. ಇಲ್ಲಿ ಅಷ್ಟರ ಮೇಲೆ ಹುಲ್ಲು ಬೆಳೆಯುತ್ತದೆ. ಅದರ ಮೇಲೆ ಯಾರೂ ಕೂರುವುದಿಲ್ಲ, ದನ ಮೇಯುವುದಿಲ್ಲ, ಮಕ್ಕಳು ಆಡಲು ಪಾರ್ಕಿಗೆ ಹೋಗುತ್ತಾರೆ. ಬಡಾವಣೆಯ ಮನೆಮಾಲೀಕರ ಸಂಘದವರು ತಿಂಗಳಿಗೊಮ್ಮೆ ಕಾರಿನಲ್ಲಿ ಕೂತೇ ಅದರ ಎತ್ತರ ನೋಡಿಹೋಗುತ್ತಾರೆ, ಮಿತಿ ಮೀರಿದರೆ ಪತ್ರ ಕಳಿಸುತ್ತಾರೆ. ಕಂದಾಯವಿಲ್ಲದ, ಫಸಲಿಲ್ಲದ, ನೋಟೀಸು ಮಾತ್ರ ಬರುವ ಬೇಸಾಯ ಇದು.

ಆರುನೂರು ಚದರಡಿಗೆ ಬ್ಯಾಟರಿಯೂ ಬೇಡ, ಪೆಟ್ರೋಲೂ ಬೇಡ. ಇಂಗ್ಲೆಂಡಿನ ಸ್ಟ್ರೌಡ್ ಬಳಿ ಎಡ್ವಿನ್ ಬಡ್ಡಿಂಗ್ ಎಂಬಾತ ಉಣ್ಣೆ ಗಿರಣಿಗಳಲ್ಲಿ ಬಟ್ಟೆಯ ಜುಂಗು ಸವರುವ ಯಂತ್ರವನ್ನು ನೋಡಿ, ಅದೇ ಉಪಾಯವನ್ನು ಹುಲ್ಲಿಗೆ ಹೂಡಿ 1830ರಲ್ಲಿ ಪೇಟೆಂಟ್ ಪಡೆದ. ಕೈಯಿಂದ ತಳ್ಳಿದರೆ ಸುರುಳಿ ಅಲಗು ತಿರುಗಿ ಹುಲ್ಲು ಕತ್ತರಿಸುವ ಅವನ ಯಂತ್ರದ ಮೊಮ್ಮಕ್ಕಳು ಇಂದಿಗೂ ಅದೇ ಅಂಗಡಿಗಳಲ್ಲಿ ಸಿಗುತ್ತವೆ, ಬ್ಯಾಟರಿ ಮೋವರುಗಳ ಸಾಲಿನ ಕೊನೆಯಲ್ಲಿ, ಮೂಲೆಗೆ. ಅವುಗಳಿಗೆ ಸೊನ್ನೆ ವೋಲ್ಟು. ಹೊಗೆ ಇಲ್ಲ, ಕತ್ತರಿಯಾಡಿಸಿದಷ್ಟು ಸದ್ದು.

"ಅದನ್ನ ತರಬಹುದಿತ್ತಲ್ಲ ಭಾವ?"

"ತರಬಹುದು ಕಣಯ್ಯಾ. ಆದ್ರೆ ಅದಕ್ಕೆ ಆಪ್ ಇಲ್ಲ." ಸ್ವಲ್ಪ ತಡೆದು, "ಪಕ್ಕದ್ಮನೆಯವನು ನೋಡಿದ್ರೆ ಕೆಲಸ ಹೋಯ್ತೇನೋ ಅಂದ್ಕೊಳ್ತಾನೆ," ಎಂದರು. ಲೇಆಫ್‌ಗಳ ಕಾಲದಲ್ಲಿ ಬೆವರಿದ ಎಂಜಿನಿಯರನ್ನು ಕಂಡರೆ ಬೀದಿಯ ಮನೆಗಳ ಬೆಲೆ ಇಳಿಯುತ್ತದಂತೆ.

ಭಾವನನ್ನು ಆಡಿಕೊಳ್ಳುವ ಮೊದಲು ದೇಶವನ್ನು ನೋಡಬೇಕು. ಉಪಗ್ರಹದ ಚಿತ್ರಗಳ ನೆರವಿನಿಂದ ನಾಸಾದ ಕ್ರಿಸ್ಟೀನಾ ಮಿಲೇಸಿ ಮತ್ತು ಸಂಗಡಿಗರು 2005ರಲ್ಲಿ ಹಾಕಿದ ಅಂದಾಜಿನಂತೆ ಅಮೆರಿಕದ ಹುಲ್ಲುಹಾಸು ಸುಮಾರು 1.6 ಲಕ್ಷ ಚದರ ಕಿಲೋಮೀಟರ್. ಇಡೀ ಕರ್ನಾಟಕ 1.91 ಲಕ್ಷ. ಬೀದರದಿಂದ ಹೊರಟು ಚಾಮರಾಜನಗರ ಹತ್ತಿರವಾಗುವವರೆಗೆ ರಾಗಿ, ಜೋಳ, ಅಡಿಕೆ, ಕಾಡು, ಊರು, ಕೆರೆ ಎಲ್ಲ ತೆಗೆದು ಬರೀ ಹುಲ್ಲು ಹಾಸಿ, ವಾರಕ್ಕೊಮ್ಮೆ ಕ್ಷೌರ ಮಾಡುತ್ತಾ ಹೋಗುವುದನ್ನು ಊಹಿಸಿಕೊಳ್ಳಿ. ನೀರುಣಿಸಿ ಬೆಳೆಯುವ ಬೆಳೆಗಳಲ್ಲಿ ಆ ದೇಶದಲ್ಲಿ ಅತಿ ಹೆಚ್ಚು ನೆಲ ಹಿಡಿದಿರುವುದು ಇದೇ ಎಂಬುದು ಅವರ ಅಧ್ಯಯನದ ಸಾರ. ತಿನ್ನಲು ಬಾರದ ಬೆಳೆ.

ಇದರ ಭಕ್ತಿ ಎಂಥದೆಂದು 2015ರ ಬರಗಾಲ ತೋರಿಸಿಕೊಟ್ಟಿತು. ಅಂದಿನ ಗವರ್ನರ್ ಜೆರ್ರಿ ಬ್ರೌನ್ ಊರುಗಳು ನೀರಿನ ಬಳಕೆಯನ್ನು ಶೇ. 25ರಷ್ಟು ಕಡಿತ ಮಾಡಬೇಕೆಂದು ಆಜ್ಞೆ ಹೊರಡಿಸಿದರು. ಹುಲ್ಲು ಒಣಗಿತು. ಕೆಲವರು ಒಣಗಿದ ಹುಲ್ಲಿಗೆ ಹಸಿರು ಬಣ್ಣ ಹೊಡೆಸಿದರು. ಅದಕ್ಕೆಂದೇ ಪಂಪು ಹೊತ್ತ ಪೇಂಟರುಗಳು ಹುಟ್ಟಿಕೊಂಡರು, ವ್ಯಾಪಾರ ಚೆನ್ನಾಗಿ ನಡೆಯಿತು. 2023ರಲ್ಲಿ ಇನ್ನೊಂದು ಕಾನೂನು ಬಂತು: ಕಚೇರಿ, ಮಾಲು, ಸಂಸ್ಥೆಗಳ ಮುಂದಿನ 'ಕೆಲಸಕ್ಕೆ ಬಾರದ ಹುಲ್ಲಿ'ಗೆ ಕುಡಿಯುವ ನೀರು ಹಾಯಿಸುವುದನ್ನು 2027ರಿಂದ ಹಂತ ಹಂತವಾಗಿ ನಿಲ್ಲಿಸಬೇಕು. ಮನೆಗಳ ಅಂಗಳವನ್ನು ಅದರಿಂದ ಹೊರಗಿಟ್ಟರು. ಓಟು ಹಾಕುವವರ ಹುಲ್ಲೆಲ್ಲ ಕೆಲಸಕ್ಕೆ ಬರುವ ಹುಲ್ಲೇ.

ಈ ಇಡೀ ಸಂಭ್ರಮದಲ್ಲಿ ಎಕ್ಸೆಲ್ ಹಾಳೆಗೆ ಸೇರದೆ ಉಳಿದವನು ಒಬ್ಬನಿದ್ದಾನೆ. ಕ್ಯಾಲಿಫೋರ್ನಿಯಾದ ಎಷ್ಟೋ ಅಂಗಳಗಳಲ್ಲಿ ಯಜಮಾನರು ಮೋವರ್ ಮುಟ್ಟುವುದಿಲ್ಲ, ಮುಟ್ಟುವವನು ಹಳೆಯ ಪಿಕಪ್ ಟ್ರಕ್ಕಿನಲ್ಲಿ ಬರುವ ಮಾಲಿ. ಹೆಚ್ಚಾಗಿ ಮೆಕ್ಸಿಕೋದಿಂದಲೋ ಮಧ್ಯ ಅಮೆರಿಕದಿಂದಲೋ ಬಂದವನು. ಕತ್ತರಿಸು, ಊದು, ಹೊರಡು, ಮುಂದಿನ ಮನೆ. ಆ ಟೂ ಸ್ಟ್ರೋಕ್ ಹೊಗೆಯನ್ನು ಮೊದಲು ಕುಡಿಯುವ ಮೂಗು ಅವನದು, ಆ ಸದ್ದಿಗೆ ಎಲ್ಲರಿಗಿಂತ ಹತ್ತಿರವಿರುವ ಕಿವಿ ಅವನದು. ಬದಲಾವಣೆಯಿಂದ ಅತಿ ಹೆಚ್ಚು ಲಾಭವಾಗಬೇಕಾದವನೂ ಅವನೇ. ಆದರೆ ಬಿಲ್ಲು ಬಂದಾಗಲೂ ಮೊದಲು ತೋರಿಸುವುದು ಅವನ ಕಡೆಗೇ.

ಇದು ಹೊಸ ಕತೆಯಲ್ಲ. ಕಾರ್ಮೆಲ್ ಎಂಬ ಕಡಲತಡಿಯ ಶ್ರೀಮಂತ ಊರು 1975ರಲ್ಲೇ ಎಲೆ ಊದುವ ಯಂತ್ರವನ್ನು ನಿಷೇಧಿಸಿತ್ತು, ಕಾರಣ ಸದ್ದು. ಲಾಸ್ ಏಂಜಲೀಸ್ ನಗರ ಮನೆಗಳಿಂದ 500 ಅಡಿಯೊಳಗೆ ಪೆಟ್ರೋಲ್ ಬ್ಲೋವರ್ ಬಳಸಕೂಡದೆಂದು ನಿಯಮ ತಂದಾಗ, 1998ರ ಜನವರಿಯಲ್ಲಿ ಲ್ಯಾಟಿನೋ ಮಾಲಿಗಳು ಸಿಟಿ ಹಾಲಿನ ಎದುರು ಉಪವಾಸ ಕೂತರು. ಪೊರಕೆ ಹಿಡಿದರೆ ದಿನಕ್ಕೆ ಮಾಡುವ ಮನೆಗಳು ಅರ್ಧವಾಗುತ್ತವೆ, ಮನೆಗೆ ಕೊಡುವ ಹಣ ದುಪ್ಪಟ್ಟಾಗುವುದಿಲ್ಲ ಎಂಬುದು ಅವರ ಸರಳ ಗಣಿತ. ನಿಯಮ ಪುಸ್ತಕದಲ್ಲಿ ಉಳಿಯಿತು, ಬ್ಲೋವರ್ ಬೀದಿಯಲ್ಲಿ ಉಳಿಯಿತು. ಈ ಸಲದ ಕಾನೂನಿನ ಜೊತೆ ರಾಜ್ಯ ಸರ್ಕಾರ ಸಣ್ಣ ಗುತ್ತಿಗೆದಾರರ ನೆರವಿಗೆ 3 ಕೋಟಿ ಡಾಲರ್ ತೆಗೆದಿಟ್ಟಿತು. ಇಡೀ ರಾಜ್ಯದ ಮಾಲಿಗಳಿಗೆ ಹಂಚಿದರೆ ಆ ಹಣದ ಆಯುಸ್ಸು ಗುಂಡಿ ಪೂರ್ತಿ ಒತ್ತಿದ ಬ್ಲೋವರಿನ ಬ್ಯಾಟರಿಯಷ್ಟೇ.

ಮನೆಯವನಿಗೆ ಒಂದು ಅಂಗಳ, ಒಂದು ಬ್ಯಾಟರಿ, ಉಳಿದ ಆರು ದಿನ ಚಾರ್ಜಿಗೆ ಪುರುಸೊತ್ತು. ಮಾಲಿ ಬೆಳಗಿನಿಂದ ಸಂಜೆಯವರೆಗೆ ಊದಬೇಕು. ಕಾಲು ಗಂಟೆಗೊಂದು 'ಸ್ಮಾಲ್' ಬರಿದಾಗುತ್ತಾ ಹೋದರೆ ಟ್ರಕ್ಕಿನಲ್ಲಿ ಹುಲ್ಲಿಗಿಂತ ಬ್ಯಾಟರಿಯೇ ಹೆಚ್ಚು ತುಂಬಬೇಕಾಗುತ್ತದೆ. ಬೆನ್ನಿಗೆ ಕಟ್ಟುವ ದೊಡ್ಡ ಬ್ಯಾಟರಿಗಳಿವೆ, ಅವುಗಳ ಬೆಲೆಗೆ ಪೆಟ್ರೋಲ್ ಬ್ಲೋವರ್ ಎರಡು ಬರುತ್ತವೆ.

ಭಾವ ಕೊನೆಗೆ ಐವತ್ತಾರನ್ನು ಕೊಂಡು, ಆಪ್ ಹಾಕಿಕೊಂಡು, ಎರಡು ಸಲ ಹುಲ್ಲು ಕತ್ತರಿಸಿ, ಸೊಂಟ ಹಿಡಿದು, ಹಳೆಯ ಮಾಲಿಯನ್ನೇ ಮತ್ತೆ ಕರೆಸಿದರು. ಆದರೆ ಒಂದು ಷರತ್ತು ಹಾಕಿದರು: ಇನ್ನುಮುಂದೆ ನಮ್ಮ ಮನೆಗೆ ಪೆಟ್ರೋಲ್ ಯಂತ್ರ ತರಕೂಡದು, ಪರಿಸರ ಮುಖ್ಯ. ಮಾಲಿ ತಲೆಯಾಡಿಸಿ, ಹಾಗಿದ್ದರೆ ನಿಮ್ಮ ಗ್ಯಾರೇಜಿನಲ್ಲಿ ನನ್ನ ಬ್ಯಾಟರಿಯನ್ನು ಸ್ವಲ್ಪ ಹೊತ್ತು ಚಾರ್ಜಿಗೆ ಹಾಕಬಹುದೇ ಎಂದು ಕೇಳಿದ. ಭಾವ ಯೋಚನೆಗೆ ಬಿದ್ದರು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಒಂದು ಯೂನಿಟ್ ಕರೆಂಟಿಗೆ 40 ಸೆಂಟಿನ ಆಸುಪಾಸು. ಆ ಬ್ಯಾಟರಿ ತುಂಬಲು ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು ಬೇಕು, ಎಂದರೆ ಹನ್ನೆರಡು ಸೆಂಟ್.

"ಹನ್ನೆರಡು ಸೆಂಟಿನ ಪ್ರಶ್ನೆ ಅಲ್ಲ ಕಣಯ್ಯಾ," ಎಂದರು ಭಾವ ನನಗೆ ಆಮೇಲೆ, "ಇವತ್ತು ಇವನಿಗೆ ಕೊಟ್ರೆ ನಾಳೆ ಎಲ್ರೂ ಕೇಳ್ತಾರೆ. ತತ್ತ್ವದ ಪ್ರಶ್ನೆ."

ಪರಿಸರಕ್ಕಾಗಿ ಸಾವಿರ ಡಾಲರಿನ ಯಂತ್ರ ಕೊಳ್ಳುವಾಗ ಅಡ್ಡಬಾರದ ತತ್ತ್ವ ಹನ್ನೆರಡು ಸೆಂಟಿಗೆ ಎದ್ದು ನಿಂತಿತು. ಅಕ್ಕ ಹೇಳಿದಳು, "ತಿಂಗಳಿಗೆ ಇಪ್ಪತ್ತು ಡಾಲರ್ ಜಾಸ್ತಿ ಕೊಡಿ, ಅವನೇ ಇನ್ನೊಂದು ಬ್ಯಾಟರಿ ತಗೋತಾನೆ. ನಿಮ್ಮ ಆಪ್ ಚಂದಾನೇ ಅದಕ್ಕಿಂತ ಹೆಚ್ಚಿದೆ." ಬೀದಿಯ ಹತ್ತು ಮನೆಯವರು ಹಾಗೆ ಮಾಡಿದರೆ ವರ್ಷ ತುಂಬುವುದರೊಳಗೆ ಒಬ್ಬ ಮಾಲಿಯ ಯಂತ್ರಗಳೆಲ್ಲ ಬದಲಾಗುತ್ತವೆ ಎಂಬ ಲೆಕ್ಕವನ್ನೂ ಅವಳು ಬಾಯಲ್ಲೇ ಮಾಡಿ ಹೇಳಿದಳು. ಎಕ್ಸೆಲ್ ಇಲ್ಲದ ಲೆಕ್ಕವಾದ್ದರಿಂದ ಭಾವ ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ.

ಅವರು ಬೇರೆಯೇ ಪರಿಹಾರ ಕಂಡುಕೊಂಡರು. ಹುಲ್ಲನ್ನೇ ಕಿತ್ತುಹಾಕಿಸಿ ಇಪ್ಪತ್ತು-ಮೂವತ್ತರ ತುಂಬ ಪ್ಲಾಸ್ಟಿಕ್ ಹುಲ್ಲು ಹಾಸಿಸಿದರು. ಇದಕ್ಕೆ ನೀರಿಲ್ಲ, ಕತ್ತರಿಯಿಲ್ಲ, ಸಂಘದ ಪತ್ರವಿಲ್ಲ. ಮಧ್ಯಾಹ್ನದ ಬಿಸಿಲಿಗೆ ಅದರ ಮೇಲೆ ಬರಿಗಾಲಿಡಲು ಆಗುವುದಿಲ್ಲ, ಹೇಗೂ ಮೊದಲೂ ಯಾರೂ ಇಡುತ್ತಿರಲಿಲ್ಲ. ಇಂಥ ಹುಲ್ಲನ್ನು ಬೇಡವೆನ್ನುವ ಅಧಿಕಾರವನ್ನು ರಾಜ್ಯವು 2023ರಲ್ಲಿ ಊರುಗಳಿಗೆ ಕೊಟ್ಟಿದೆ, ಭಾವನ ಊರು ಇನ್ನೂ ಅವರ ಮನೆಯ ಬಾಗಿಲು ತಟ್ಟಿಲ್ಲ. ಒಂದೇ ತೊಂದರೆ: ಪ್ಲಾಸ್ಟಿಕ್ ಹುಲ್ಲಿನ ಎಳೆಗಳನ್ನು ಆಗಾಗ ಬಾಚಿ ನಿಲ್ಲಿಸಬೇಕು, ಉದುರಿದ ಎಲೆ ತೆಗೆಯಬೇಕು. ಅದಕ್ಕೊಂದು ತಿರುಗುವ ಬ್ರಷ್ಷಿನ ಯಂತ್ರ ಬರುತ್ತದೆ. ಭಾವನಿಗೆ ಮೆಚ್ಚುಗೆಯಾದದ್ದು ಬೇರೆ ಬಣ್ಣದ ಮನೆತನದ್ದು, ಅದಕ್ಕೆ ಅದರದೇ ಬ್ಯಾಟರಿ, ಅದರದೇ ಚಾರ್ಜರ್. ಗ್ಯಾರೇಜಿನ ಗೋಡೆಯಲ್ಲಿ ಐದನೆಯ ದೀಪ ಹತ್ತಿದೆ.

ಮಾಲಿಗೆ ಇನ್ನು ಬರುವುದು ಬೇಡವೆಂದು ಮೆಸೇಜು ಹೋಗಿದೆ. ಎಬಿ 1346ರ ಆಶಯ ಸ್ಯಾನ್ ರಮೋನಿನ ಆ ಮನೆಯಲ್ಲಂತೂ ಅಕ್ಷರಶಃ ಈಡೇರಿದಂತಾಯಿತು. ಹೊಗೆಯ ಲೆಕ್ಕ ಈಗ ಸೊನ್ನೆ. ಭಾವನ ಎಕ್ಸೆಲ್ ಹಾಳೆಯಲ್ಲಿ ಮಾಲಿಯ ಸಂಬಳದ ಸಾಲಿನಲ್ಲೂ ಅದೇ ಅಂಕಿ.